ಆನೆಯ ಭಾರ ಯಾರಿಗೆ?

ಕೊಟ್ಟೂರು, ಕೂಡ್ಲಿಗಿ ಸೀಮೆಯ ಹಳಬರ ಬಾಯಲ್ಲಿ ಒಂದು ಮಾತಿದೆ: ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು. ಹಂಪಿಗೆ ಹೋದವರ ಕಣ್ಣಿಗೆ ಮೊದಲು ತುಂಬುವುದು ಹರಹು. ಬಂಡೆಯ ಮೇಲೆ ಬಂಡೆ, ಮುಗಿಲಿಗೆ ಚಾಚಿದ ಗೋಪುರ, 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಒಂದೇ ಕಲ್ಲಿನಲ್ಲಿ ಕಡೆದ 6.7 ಮೀಟರ್ ಎತ್ತರದ ನರಸಿಂಹ. ಉಜ್ಜಿನಿಯ ಮರುಳಸಿದ್ಧೇಶ್ವರನ ಗುಡಿ ಹೊರಗಿನಿಂದ ಹಾಗೆ ಎದೆ ನಡುಗಿಸುವುದಿಲ್ಲ. ಒಳಗೆ ಹೋಗಿ ಕಂಬದ ಬಳಿ ನಿಂತು ಕತ್ತೆತ್ತಿದವರಿಗೆ ಮಾತ್ರ ಅಲ್ಲಿನ ಕುಸುರಿ ಕಾಣುತ್ತದೆ. ಈ ಮಾತನ್ನು ಎರಡು ಊರುಗಳ ಹೋಲಿಕೆ ಎಂದು ಮಾತ್ರ ತಿಳಿದರೆ ಅದರ ಅರ್ಧ ಬೆಲೆಯೂ ದಕ್ಕುವುದಿಲ್ಲ. ನೋಡುವುದಕ್ಕೆ ಎರಡು ಬಗೆಗಳಿವೆ ಎಂದು ಅದು ಕಲಿಸುತ್ತದೆ. ಜಗತ್ತಿನ ಅತಿ ದೊಡ್ಡ ಪ್ರಾಣಿ, ಅತಿ ಎತ್ತರದ ಮರ, ಅತಿ ಭಾರದ ಗಂಟೆ ಎಂಬ ಪಟ್ಟಿಗಳನ್ನು ನಾವು ಶಾಲೆಯ ದಿನಗಳಿಂದ ಬಾಯಿಪಾಠ ಮಾಡಿದ್ದೇವೆ. ಆ ಪಟ್ಟಿಗಳೆಲ್ಲ ಹೊರಗಿನಿಂದ ನೋಡಿದವು. ಎಷ್ಟು ಅಡಿ, ಎಷ್ಟು ಟನ್ ಎಂದು ಹೇಳಿ ಮುಗಿಸುತ್ತವೆ. ದೊಡ್ಡದರ ಮುಂದೆ ನಿಂತಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು’ ಎಂಬುದಲ್ಲ, ‘ಇದನ್ನು ಹೊತ್ತವರು ಯಾರು’ ಎಂಬುದು ಎಂದು ನಾನು ನಂಬಿದ್ದೇನೆ.

ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ ಎಂಬ ಗಾದೆ ಇದಕ್ಕೆ ಅಡ್ಡ ಬರುತ್ತದೆ. ಅವರವರ ಕಷ್ಟ ಅವರವರಿಗೆ ಎಂದು ಸಮಾಧಾನ ಹೇಳುವಾಗ ಅದು ಒಳ್ಳೆಯ ಮಾತೇ. ಆದರೆ ಭಾರದ ಲೆಕ್ಕ ಅಷ್ಟು ಸರಳವಲ್ಲ. ಒಂದು ಮೊಳ ಉದ್ದ, ಒಂದು ಮೊಳ ಅಗಲ, ಒಂದು ಮೊಳ ಎತ್ತರದ ಪೆಟ್ಟಿಗೆಯಲ್ಲಿ ಜೋಳ ತುಂಬಿಡಿ. ಪಕ್ಕದಲ್ಲಿ ಎಲ್ಲ ಕಡೆಗೂ ಎರಡೆರಡು ಮೊಳದ ಇನ್ನೊಂದು ಪೆಟ್ಟಿಗೆ ಇಡಿ. ಎರಡನೆಯದು ಹಿಡಿಯುವ ಜೋಳ ಎರಡು ಪಟ್ಟಲ್ಲ, ಎಂಟು ಪಟ್ಟು. ಅದನ್ನು ಹೊರುವ ತಳದ ಹಲಗೆಯಾದರೋ ನಾಲ್ಕೇ ಪಟ್ಟು ಅಗಲವಾಗಿದೆ. ಅಂದರೆ ಹಲಗೆಯ ಒಂದೊಂದು ಗೇಣಿನ ಮೇಲೆ ಬೀಳುವ ಭಾರ ಮೊದಲಿನದರ ಎರಡರಷ್ಟು. ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಕೊನೆಯ ದೊಡ್ಡ ಗ್ರಂಥದಲ್ಲಿ ಈ ವಿಷಯವನ್ನು ಎಲುಬಿನ ಚಿತ್ರ ಬರೆದು ವಿವರಿಸಿದ. ಮುಂದೆ ಭಾರತದ ಪೌರತ್ವ ಪಡೆದು 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್, ಪ್ರತಿಯೊಂದು ಜೀವಿಗೂ ಅದರದೇ ಆದ ತಕ್ಕ ಗಾತ್ರವಿದೆ ಎಂದು ಒಂದು ಪ್ರಸಿದ್ಧ ಪ್ರಬಂಧವನ್ನೇ ಬರೆದರು. ಜಿಂಕೆಯನ್ನು ಆನೆಯಷ್ಟು ಹಿಗ್ಗಿಸಿದರೆ ಆನೆಯಾಗುವುದಿಲ್ಲ, ಕಾಲು ಮುರಿದುಕೊಂಡ ಜಿಂಕೆಯಾಗುತ್ತದೆ. ಆನೆಯ ಕಾಲು ಕಂಬದಂತಿರುವುದು, ಅದು ಜಿಗಿಯಲಾರದೆ ಇರುವುದು, ಇರುವೆ ತನಗಿಂತ ಹಲವು ಪಟ್ಟು ತೂಕವನ್ನು ಎಳೆದೊಯ್ಯುವುದು ಎಲ್ಲವೂ ಈ ಒಂದೇ ಲೆಕ್ಕದ ಫಲ. ಆನೆಯ ಭಾರ ಆನೆಗೆ ನಿಜ. ಇರುವೆಯ ಭಾರ ಮಾತ್ರ ಇರುವೆಗೆ ಭಾರವೇ ಅಲ್ಲ.

ಹಾಗಾದರೆ ಆನೆಗಿಂತ ದೊಡ್ಡವು ಹೇಗೆ ಬದುಕಿವೆ? ಹೊರುವವರನ್ನು ಬೇರೆ ಕಡೆ ಹುಡುಕಿಕೊಂಡು. ಮೂವತ್ತು ಮೀಟರ್‌ವರೆಗೆ ಬೆಳೆಯುವ ನೀಲಿ ತಿಮಿಂಗಿಲವನ್ನು ಹೊತ್ತಿರುವುದು ಅದರ ಎಲುಬಲ್ಲ, ಕಡಲು. ದಡಕ್ಕೆ ಬಂದು ಬಿದ್ದರೆ ಅದರ ಮೈಯೇ ಅದರ ಎದೆಯನ್ನು ಒತ್ತುತ್ತದೆ. ನಮ್ಮ ಬಳ್ಳಾರಿ ಗಡಿಯಾಚೆ, ಕದಿರಿಯ ಹತ್ತಿರ ಇರುವ ತಿಮ್ಮಮ್ಮ ಮರ್ರಿಮಾನು ಎಂಬ ಆಲದ ಮರ ಹೆಚ್ಚುಕಡಿಮೆ ಐದು ಎಕರೆಗೆ ನೆರಳು ಹರಡಿದೆ. 1989ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ಅಷ್ಟು ದೂರ ಚಾಚಿದ ಕೊಂಬೆಯನ್ನು ಒಂದೇ ಬೊಡ್ಡೆ ಹೊರಲಾರದು. ಆಲ ಅದಕ್ಕೆ ಕಂಡುಕೊಂಡ ಉಪಾಯ ಬಿಳಲು. ಕೊಂಬೆ ಮುಂದೆ ಹೋದಂತೆಲ್ಲ ಒಂದು ಕಾಲನ್ನು ಇಳಿಬಿಡುತ್ತದೆ, ಆ ಕಾಲು ನೆಲ ಮುಟ್ಟಿ ಬೇರು ಬಿಟ್ಟ ಮೇಲೆ ಇನ್ನೊಂದಿಷ್ಟು ಮುಂದೆ ಹೋಗುತ್ತದೆ. ಬೆಂಗಳೂರಿನ ಬಳಿಯ ದೊಡ್ಡಾಲದ ಮರದ ತಾಯಿಬೊಡ್ಡೆ ರೋಗ ತಗುಲಿ ಎಂದೋ ಸತ್ತುಹೋಗಿದೆ. ಮರ ಇನ್ನೂ ಬದುಕಿರುವುದು ಬಿಳಲುಗಳ ಬಲದಿಂದ. ಹಡಗಲಿಯಿಂದ ಹೊಳೆ ದಾಟಿದರೆ ಸಿಗುವ ಹಾವೇರಿ ಸೀಮೆಯ ಸವಣೂರಿನಲ್ಲಿ, ಆಫ್ರಿಕದಿಂದ ಬಂದ ಮೂರು ಬಾವೊಬಾಬ್ ಮರಗಳಿವೆ. ಜನ ಅವನ್ನು ದೊಡ್ಡಹುಣಸೆ ಎಂದು ಕರೆದು ಅಲ್ಲಿನ ಮಠಕ್ಕೂ ಅದೇ ಹೆಸರಿಟ್ಟರು. 2023ರ ಮಳೆಗಾಲದಲ್ಲಿ ಅವುಗಳಲ್ಲಿ ಒಂದು ಬುಡಸಮೇತ ಉರುಳಿತು. ಕಡಿದು ಸೌದೆ ಮಾಡದೆ ಅದನ್ನು ಮತ್ತೆ ಎತ್ತಿ ನೆಟ್ಟರು. ತನ್ನ ಬೇರು ಸೋತಾಗ ಆ ಮರವನ್ನು ಒಂದು ಊರು ಹೊತ್ತಿತು.

ಹೊರುವುದೆಂದರೆ ತೂಕ ಹೊರುವುದು ಮಾತ್ರವಲ್ಲ, ಊಡುವುದೂ ಹೌದು. ನೀಲಿ ತಿಮಿಂಗಿಲದ ಆಹಾರ ಬೆರಳುದ್ದದ ಸಿಗಡಿಯಂಥ ಜೀವಿಗಳು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಬಂಡೆಗುಡ್ಡಗಳಲ್ಲಿ ಕರಡಿಗಳಿವೆ. 2013ರಲ್ಲಿ ಅಲ್ಲಿ ಕರಡಿಧಾಮ ಘೋಷಣೆಯಾಯಿತು. ನೂರು ಕಿಲೊಗೂ ಮೀರಿ ತೂಗುವ ಗಂಡು ಕರಡಿಯ ಮುಖ್ಯ ಆಹಾರ ಗೆದ್ದಲು, ಇರುವೆ, ಜೇನು, ಕಾಲಕ್ಕೆ ತಕ್ಕ ಕಾಡುಹಣ್ಣು. ಅದರ ಉದ್ದ ಉಗುರು ಹುತ್ತ ಬಗೆಯಲು, ಮೇಲ್ದವಡೆಯ ನಡುವಿನ ಎರಡು ಹಲ್ಲಿಲ್ಲದ ಬಾಯಿ ಗೆದ್ದಲನ್ನು ಊದಿ ಹೀರಲು ಹೇಳಿ ಮಾಡಿಸಿದಂತಿದೆ. ಆ ಗುಡ್ಡದ ಅತಿ ದೊಡ್ಡ ಪ್ರಾಣಿಯನ್ನು ಸಾಕುತ್ತಿರುವುದು ಅಲ್ಲಿನ ಅತಿ ಸಣ್ಣ ಪ್ರಾಣಿ. ಕಲ್ಲು ಗಣಿಗಾರಿಕೆಗೆ ಗುಡ್ಡ ಒಡೆದಾಗ, ಕುರುಚಲು ಸುಟ್ಟಾಗ ಕರಡಿಗೇನೂ ಪೆಟ್ಟು ಬೀಳಲಿಲ್ಲವಲ್ಲ ಎಂದು ನಾವು ಅಂದುಕೊಳ್ಳಬಹುದು. ಆದರೆ ಹುತ್ತ ಹೋದ ಕಡೆ ಕರಡಿ ಉಳಿಯುವುದಿಲ್ಲ. ಸಿರುಗುಪ್ಪದ ಎರೆ ಹೊಲಗಳ ದೊರವಾಯನ ಹಕ್ಕಿಯ ಪಾಡೂ ಇದೇ. ಹಾರಬಲ್ಲ ಹಕ್ಕಿಗಳಲ್ಲೇ ಅತಿ ಭಾರದವುಗಳ ಸಾಲಿನಲ್ಲಿ ಅದು ನಿಲ್ಲುತ್ತದೆ, ಗಂಡು ಹದಿನೈದು ಕಿಲೊವರೆಗೆ ತೂಗುತ್ತದೆ. ಅದಕ್ಕೆ ಬೇಕಾದ ಬಯಲು ಹರಿದು ಹಂಚಿಹೋದ ಮೇಲೆ ಈಗ ಕಾಣುವುದೇ ಅಪರೂಪವಾಗಿದೆ.

ಎಲ್ಲ ದೊಡ್ಡವೂ ತಮ್ಮನ್ನು ಹೊತ್ತವರನ್ನು ಒಂದೇ ರೀತಿ ನಡೆಸಿಕೊಳ್ಳುವುದಿಲ್ಲ. ಸುಮಾತ್ರದ ಕಾಡಿನ ರಾಫ್ಲೇಸಿಯ ಜಗತ್ತಿನ ಅತಿ ದೊಡ್ಡ ಹೂವು, ಅಡ್ಡಳತೆ ಹತ್ತಿರಹತ್ತಿರ ಒಂದು ಮೀಟರ್. ಆ ಗಿಡಕ್ಕೆ ಒಂದೇ ಒಂದು ಎಲೆ ಇಲ್ಲ, ನೆಲಕ್ಕೆ ಇಳಿಯುವ ಬೇರಿಲ್ಲ. ಕಾಡುಬಳ್ಳಿಯೊಂದರ ಒಳಗೆ ಸೇರಿಕೊಂಡು ಅದರ ರಸದಲ್ಲೇ ಬಾಳಿ, ಹೂವಾಗಿ ಮಾತ್ರ ಹೊರಗೆ ಬರುತ್ತದೆ. ಅಮೆರಿಕದ ಒರೆಗಾನ್ ಕಾಡಿನ ನೆಲದಡಿಯಲ್ಲಿ ಒಂಬತ್ತು ಚದರ ಕಿಲೊಮೀಟರಿಗೂ ಮೀರಿ ಹರಡಿದ ಒಂದೇ ಅಣಬೆ ಇದೆ. ಅದು ಬೆಳೆಯುತ್ತಿರುವುದು ಮರಗಳ ಬೇರನ್ನು ಕೊಂದು. ಇವುಗಳ ಎದುರಿಗೆ ಹಡಗಲಿಯ ಮಲ್ಲಿಗೆಯನ್ನು ಇಟ್ಟು ನೋಡಬೇಕೆನ್ನಿಸುತ್ತದೆ. ಊರಿನ ಹೆಸರಿಗೇ ಹೂವು ಸೇರಿ ಹೂವಿನಹಡಗಲಿ ಆಯಿತು. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಬಿಡಿ ಹೂವನ್ನು ಅಳೆದರೆ ಉಗುರಿನಷ್ಟು. ಅರಳುವ ಮುನ್ನ ಬೆಳಗಿನ ಜಾವ ಬಿಡಿಸಿದ ಮೊಗ್ಗನ್ನು ಹೆಂಗಸರು ಕೂತು ಕಟ್ಟಿದರೆ ಮಾರುಗಟ್ಟಲೆ ಸಾಗುತ್ತದೆ. ಮಾರು ಎಂಬ ಅಳತೆ ಎರಡು ತೋಳು ಚಾಚಿದರೆ ಆಗುವಷ್ಟು, ಅಂದರೆ ಕಟ್ಟಿದವಳ ಮೈಯೇ ಆ ಹೂವಿನ ಅಳತೆಗೋಲು. ದಾಖಲೆಯ ಪುಸ್ತಕ ಸುಮಾತ್ರದ ಹೂವಿಗೆ ಒಂದು ಸಾಲು ಕೊಟ್ಟಿದೆ, ಕೊಡಲಿ. ಒಂದು ಸೀಮೆಯ ಬೆಳಗನ್ನು ತುಂಬುವ ದೊಡ್ಡತನ ಮಲ್ಲಿಗೆಗಿದೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ನ್ಯಾಯವಾದದ್ದೇ. ಬೆರಗು ಒಂದು ನಿರ್ಮಲವಾದ ಭಾವ. ಎತ್ತರದ್ದನ್ನು ಕಂಡು ಮಗು ಬಾಯಿ ತೆರೆದು ನಿಂತಾಗ, ಇದನ್ನು ಹೊತ್ತವರು ಯಾರು ಎಂದು ಕೇಳಿ ಆ ಸಂತೋಷವನ್ನು ಏಕೆ ಕೆಡಿಸಬೇಕು? ಬೆರಗು ಕೆಡುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಕನ್ನಡದ ಜನ ದೊಡ್ಡದನ್ನು ಕಂಡು ಕೊಟ್ಟ ಹೆಸರುಗಳನ್ನೇ ನೋಡಿ. ಹಂಪಿಯಲ್ಲಿ ನಾಲ್ಕೂವರೆ ಮೀಟರ್ ಎತ್ತರದ ಗಣಪತಿಗೆ ಕಡಲೆಕಾಳು ಗಣಪ ಎಂದು ಹೆಸರು, ಎಂಟು ಅಡಿಯ ಇನ್ನೊಬ್ಬನಿಗೆ ಸಾಸಿವೆಕಾಳು ಗಣಪ. ಈ ಹೆಸರುಗಳು ಹೇಗೆ ಬಂದವು ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ಕಥೆಗಳಿವೆ. ಬೆಟ್ಟದಂಥ ಮೂರ್ತಿಯನ್ನು ಅಡುಗೆಮನೆಯ ಡಬ್ಬಿಯ ಕಾಳಿನಿಂದ ಕರೆದ ಜನಕ್ಕೆ ಅದರ ಮೇಲಿನ ಭಕ್ತಿಯೇನೂ ಕಡಿಮೆಯಾಗಲಿಲ್ಲ. ಸಣ್ಣದರ ನೆನಪು ದೊಡ್ಡದನ್ನು ಹತ್ತಿರ ತರುತ್ತದೆ.

ಈ ಸೀಮೆಯಲ್ಲಿ ಮನುಷ್ಯರು ಮಾಡಿದ ದೊಡ್ಡದೆಂದರೆ ಮೊದಲು ನೆನಪಾಗುವುದು ಕೊಟ್ಟೂರು ಬಸವೇಶ್ವರನ ತೇರು. ಸುಮಾರು 60 ಅಡಿ ಎತ್ತರ, ಕಟ್ಟಿಗೆಯ ಗಡ್ಡೆ, ಆಳೆತ್ತರದ ಗಾಲಿಗಳು. ಮಾಘ ಮಾಸದ ಕೃಷ್ಣಪಕ್ಷದಲ್ಲಿ ಅದು ಹೊರಡುತ್ತದೆ. ದಾವಣಗೆರೆ, ಚಿತ್ರದುರ್ಗ, ಬಳ್ಳಾರಿ ಕಡೆಗಳಿಂದ ಜನ ನಡೆದೇ ಬರುತ್ತಾರೆ. ದಾರಿಯುದ್ದಕ್ಕೂ ಅವರಿಗೆ ನೀರು, ಮಂಡಕ್ಕಿ, ಊಟ ಕೊಡುವವರು ಸಾಲುಗಟ್ಟಿ ನಿಂತಿರುತ್ತಾರೆ. ತೇರನ್ನು ಅಳೆಯುವುದಾದರೆ ಆ ನಡಿಗೆಯಿಂದ ಅಳೆಯಬೇಕು ಎಂದು ನನ್ನ ವಾದ. ಗಡ್ಡೆಯ ಮೇಲಿನ ಅಂತಸ್ತುಗಳನ್ನು ಬಿದಿರು, ಬಟ್ಟೆ, ಹಗ್ಗ, ಹೂವಿನಿಂದ ಪ್ರತಿವರ್ಷ ಹೊಸದಾಗಿ ಕಟ್ಟುತ್ತಾರೆ. ಬಡಗಿ, ಕಮ್ಮಾರ, ಹಗ್ಗ ಹೊಸೆದವರು, ಬಟ್ಟೆ ಹೊಲಿದವರು, ಮಿಣಿ ಹಿಡಿದ ಸಾವಿರಾರು ಕೈಗಳು, ಎಲ್ಲವೂ ಒಂದು ಸಂಜೆಯ ಮಟ್ಟಿಗೆ ಸೇರಿ ತೇರಾಗುತ್ತದೆ. ಇದರ ಎದುರಿಗೆ, ಮಾಸ್ಕೋದ ಅರಮನೆಯಂಗಳದಲ್ಲಿ ಜಗತ್ತಿನ ಅತಿ ಭಾರದ ಗಂಟೆ ಇದೆ. 1735ರಲ್ಲಿ ಎರಕ ಹೊಯ್ದ ಅದು ಸುಮಾರು 200 ಟನ್ ತೂಗುತ್ತದೆ. 1737ರ ಬೆಂಕಿಯಲ್ಲಿ ಬಿರುಕು ಬಿಟ್ಟು ಒಂದು ಚೂರು ಕಳಚಿತು. ಅದು ಒಮ್ಮೆಯೂ ಬಾರಿಸಿದ ಗಂಟೆಯಲ್ಲ. ಯಾವ ಕೈಗೂ ಎತ್ತಲಾಗದ ಗಾತ್ರವನ್ನು ಅರಸೊತ್ತಿಗೆ ಬಯಸಿತು, ಪಡೆಯಿತು, ನೆಲದ ಮೇಲೆ ಇಟ್ಟಿತು. ತೂಕದಲ್ಲಿ ಕೊಟ್ಟೂರ ತೇರು ಅದಕ್ಕೆ ಸಮವಲ್ಲದಿರಬಹುದು. ತೇರು ಹೊರಡುತ್ತದೆ.

ಆದರೆ ತೇರು ಬಿದ್ದದ್ದೂ ಇದೆ. 2017ರ ಫೆಬ್ರವರಿ 21ರಂದು ರಥೋತ್ಸವ ನಡೆಯುತ್ತಿದ್ದಾಗ ಗಾಲಿಯ ಅಚ್ಚು ಮುರಿದು ಕೊಟ್ಟೂರಿನ ತೇರು ವಾಲಿ ನೆಲಕ್ಕುರುಳಿತು, ಹಲವರು ಗಾಯಗೊಂಡರು. ಇಷ್ಟು ಅಪಾಯವಿರುವಾಗ ಇಷ್ಟೆತ್ತರದ ತೇರು ಏಕೆ, ಚಿಕ್ಕದು ಸಾಲದೇ ಎಂದು ಕೇಳಿದವರಿದ್ದಾರೆ. ಅವರ ಆತಂಕವನ್ನು ತಳ್ಳಿಹಾಕುವುದು ತಪ್ಪು. ಜನಸಂದಣಿಯ ನಡುವೆ 60 ಅಡಿಯ ಕಟ್ಟಿಗೆ ನಡೆಯುವಾಗ ನಂಬಿಕೆಯೊಂದೇ ಸಾಲದು, ಅಚ್ಚಿನ ಮರದ ಒಳಗೆ ಹುಳು ಬಿದ್ದಿದೆಯೇ ಎಂದು ನೋಡುವ ಕಣ್ಣು ಬೇಕು. ನಾನು ಕಲಿತ ಪಾಠ ಬೇರೆ: ತೇರು ಬಿದ್ದದ್ದು ಎತ್ತರದಿಂದಲ್ಲ, ಎತ್ತರವನ್ನು ಹೊತ್ತಿದ್ದ ಒಂದು ಕಟ್ಟಿಗೆಯಿಂದ. ಕಳಸ ನೋಡುವ ಕಣ್ಣುಗಳ ಸಂಖ್ಯೆ ಲಕ್ಷ, ಅಚ್ಚನ್ನು ನೋಡುವವು ಬೆರಳೆಣಿಕೆ. ಊರು ಎದೆಗುಂದಲಿಲ್ಲ, ಹೊಸ ತೇರು ಕಟ್ಟಿ ಮತ್ತೆ ಎಳೆದರು. ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಆಳವಾದದ್ದು. ಸಾವಿರ ಕೈ ಸೇರಿತು ಎನ್ನುವುದು ಕೇಳಲು ಚೆನ್ನ, ಯಾರ ಕೈಗೆ ಮಿಣಿ ಹಿಡಿಯುವ ಹಕ್ಕಿತ್ತು, ಯಾರನ್ನು ದೂರ ನಿಲ್ಲಿಸಿದರು? ನಾಡಿನ ಎಷ್ಟೋ ತೇರುಗಳ ಚರಿತ್ರೆಯಲ್ಲಿ ಈ ಪ್ರಶ್ನೆಗೆ ತಲೆ ತಗ್ಗಿಸುವ ಉತ್ತರವಿದೆ. ಕೊಟ್ಟೂರಿನಲ್ಲಿ ದಲಿತ ಮಹಿಳೆಯರು ಕಳಸದಾರತಿ ಬೆಳಗಿದ ಮೇಲೆ ತೇರು ಮುಂದಕ್ಕೆ ಹೋಗುತ್ತದೆ. ಈ ಒಂದು ವಾಡಿಕೆ ಎಲ್ಲ ಲೆಕ್ಕವನ್ನೂ ತೀರಿಸಿತು ಎಂದು ನಾನು ಹೇಳುವುದಿಲ್ಲ. ತಾನು ಯಾರ ಹೆಗಲ ಮೇಲಿದ್ದೇನೆ ಎಂಬುದನ್ನು ತೇರು ಹೊರಡುವ ಮುನ್ನ ಎಲ್ಲರೆದುರು ಒಪ್ಪಿಕೊಳ್ಳುವ ಕ್ಷಣ ಅದು, ಅದಕ್ಕಾಗಿ ನನಗೆ ದೊಡ್ಡದು.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭವಿಷ್ಯ ನುಡಿಯುವ ಕಾರಣಿಕದ ದಿನ ಗೊರವಯ್ಯ ಎರಡಾಳಿಗೂ ಮೀರಿದ ಬಿಲ್ಲನ್ನು ಏರುತ್ತಾನೆ. ‘ಸದ್ದಲೇ’ ಎಂದರೆ ಡೆಂಕನಮರಡಿಯ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಸಾಲು ನುಡಿದು ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ. ಬಿಲ್ಲಿನ ಉದ್ದವನ್ನು ಪತ್ರಿಕೆಗಳು ವರ್ಷಕ್ಕೊಂದು ಬಗೆಯಾಗಿ ಬರೆಯುತ್ತವೆ. ಹಿಡಿಯುವ ಕೈಗಳ ಬಗ್ಗೆ ಯಾರೂ ಬರೆಯುವುದಿಲ್ಲ. ಉಜ್ಜಿನಿಯಲ್ಲಿ ಜಾತ್ರೆಯ ಹೊತ್ತಿಗೆ ಗುಡಿಯ ಶಿಖರದ ಮೇಲಿನಿಂದ ಎಣ್ಣೆ ಎರೆಯುತ್ತಾರೆ. ಕೆಳಗಿನಿಂದ ನೋಡಿದರೆ ಕಲ್ಲಿನ ಬೆಟ್ಟವೇ ಮಿಂದಂತೆ ಕಾಣುತ್ತದೆ. ಆ ಎಣ್ಣೆ ಬರುವುದು ಭಕ್ತರ ಮನೆಗಳಿಂದ, ಕೊಡ ಕೊಡವಾಗಿ. ಹಿಂದಿನವರಿಗೆ ಈ ಲೆಕ್ಕ ಗೊತ್ತಿತ್ತು ಎಂಬುದಕ್ಕೆ ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯಂಥ ಕಡೆ ಕಲ್ಲೇ ಸಾಕ್ಷಿ. ರಾಷ್ಟ್ರಕೂಟರಿಂದ ಕಲ್ಯಾಣದ ಚಾಲುಕ್ಯರವರೆಗೆ ಬೆಳೆದ ಆ ಗುಡಿಯ ಬಳಿ ಮೂವತ್ತಕ್ಕೂ ಹೆಚ್ಚು ಶಾಸನಗಳಿವೆ. ಆ ಕಾಲದ ದಾನಶಾಸನಗಳನ್ನು ಓದಿದವರಿಗೆ ಅವುಗಳ ರೀತಿ ಗೊತ್ತು: ಗುಡಿ ಇಷ್ಟು ಎತ್ತರ ಎಂದು ಅವು ಬರೆದು ಹಿಗ್ಗುವುದಿಲ್ಲ, ಇಷ್ಟು ಮತ್ತರು ಭೂಮಿ, ಇಂಥ ಗಾಣದಿಂದ ನಂದಾದೀಪಕ್ಕೆ ಇಷ್ಟು ಎಣ್ಣೆ, ಇಂಥವರು ಇದನ್ನು ನಡೆಸಿಕೊಂಡು ಬರತಕ್ಕದ್ದು ಎಂದು ಬರೆಯುತ್ತವೆ. ಕಟ್ಟಿದವನ ಹೆಸರಿನ ಜೊತೆಗೆ ಮುಂದೆ ಹೊರುವವರ ಪಟ್ಟಿ.

ತುಂಗಭದ್ರಾ ಅಣೆಕಟ್ಟಿನ ವಿಷಯಕ್ಕೆ ಬಂದರೆ ಈ ಪಟ್ಟಿ ಕಲ್ಲಿನ ಮೇಲೆ ಕಾಣುವುದಿಲ್ಲ. 1953ರಲ್ಲಿ ಪೂರ್ಣಗೊಂಡ ಆ ಅಣೆ ಎರಡೂಕಾಲು ಕಿಲೊಮೀಟರಿಗೂ ಹೆಚ್ಚು ಉದ್ದ, 33 ಗೇಟುಗಳು. ಹಿನ್ನೀರು ತುಂಬಿದಾಗ ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳವರೆಗೆ ಕಡಲಿನಂತೆ ಹರಡುತ್ತದೆ. ಅದರ ನೀರು ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆಗೆ ಹೋಗಿ ಭತ್ತವಾಯಿತು, ಆಂಧ್ರಕ್ಕೂ ಹೋಯಿತು. ಅದನ್ನು ಹೊತ್ತವರು ಹಿನ್ನೀರಿನಡಿ ಮನೆ ಬಿಟ್ಟವರು. ನಾರಾಯಣದೇವರಕೆರೆ ಎಂಬ ತುಂಬಿದ ಊರು ಮುಳುಗಿ, ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಮಸಾರಿ ಹೊಲಗಳು ಅಣೆಕಟ್ಟಿನ ಹತ್ತಿರವೇ ಇದ್ದೂ ಮುಗಿಲು ನೋಡುತ್ತ ಉಳಿದವು. ಹಾಗೆಂದು ಅಣೆಕಟ್ಟು ಬೇಡವಾಗಿತ್ತೇ ಎಂದು ಯಾರಾದರೂ ಕೇಳಬಹುದು. ಬರದಲ್ಲಿ ಬೆಂದ ನಾಡಿಗೆ ಆ ಮಾತನ್ನು ಹೇಳುವ ಎದೆ ನನಗಿಲ್ಲ. ಲಕ್ಷಾಂತರ ಎಕರೆಯ ಅನ್ನ ಸಣ್ಣ ಸಂಗತಿಯಲ್ಲ. ಸಣ್ಣದೆಲ್ಲ ಒಳ್ಳೆಯದು, ದೊಡ್ಡದೆಲ್ಲ ಕೆಟ್ಟದ್ದು ಎಂಬುದು ನನ್ನ ವಾದವೂ ಅಲ್ಲ. ಹೊತ್ತವರು ಒಂದು ಕಡೆ, ಉಂಡವರು ಇನ್ನೊಂದು ಕಡೆ ಆದಾಗ ಲೆಕ್ಕ ಬಾಕಿ ಇರುತ್ತದೆ, ಬಾಕಿಯನ್ನು ಬಾಕಿ ಎಂದೇ ಬರೆದಿಡಬೇಕು. ಅಣೆಕಟ್ಟನ್ನು ಕಾಡುತ್ತಿರುವುದೂ ಸಣ್ಣವೇ. ಮೊದಲು ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು 105ರ ಆಸುಪಾಸು; ನಡುವಿನದನ್ನು ನುಂಗಿದ್ದು ಹೊಳೆ ತಂದ ಹೂಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಕೂಡಿಟ್ಟ ನೀರು ಹರಿದುಹೋಗುವುದನ್ನು ಮೂರು ರಾಜ್ಯಗಳ ರೈತರು ನೋಡಿದರು. ಆ ವಾರ, ಹರಿಯುವ ನೀರಿನಲ್ಲೇ ತುಂಡು ತುಂಡಾಗಿ ತಡೆಬಾಗಿಲನ್ನು ಇಳಿಸಿ ಕೂರಿಸಿದವರು ಹಿರಿಯ ತಂತ್ರಜ್ಞ ಕನ್ನಯ್ಯ ನಾಯ್ಡು ಮತ್ತು ಅವರೊಂದಿಗಿದ್ದ ಕೆಲಸಗಾರರು. ಕೊಟ್ಟೂರಲ್ಲಿ ಅಚ್ಚು, ಇಲ್ಲಿ ಸರಪಳಿಯ ಕೊಂಡಿ.

ಹಗರಿಬೊಮ್ಮನಹಳ್ಳಿಯ ಹತ್ತಿರ ಅಂಕಸಮುದ್ರ ಎಂಬ ಹಳೆಯ ಕೆರೆಯೂ ಇದೆ. ವಿಸ್ತೀರ್ಣ 98.76 ಹೆಕ್ಟೇರ್, ಅಣೆಕಟ್ಟಿನ ಹಿನ್ನೀರಿನ ಪಕ್ಕದಲ್ಲಿ ಅಂಗೈಯಷ್ಟು. ಕೆರೆಯಂಗಳದಲ್ಲಿ ಬೆಳೆದ ಕರಿಜಾಲಿಗಳ ಮೇಲೆ ಸಾವಿರಾರು ಹಕ್ಕಿಗಳು ಗೂಡು ಕಟ್ಟುತ್ತವೆ, ಬಣ್ಣದ ಕೊಕ್ಕರೆಗಳೂ ಅವುಗಳಲ್ಲಿವೆ. 2024ರಲ್ಲಿ ಅದು ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಸಮುದ್ರ ಎಂದು ಹೆಸರಿಟ್ಟವರು ಸಮುದ್ರ ಕಂಡಿದ್ದರೋ ಇಲ್ಲವೋ, ಏರಿಗೆ ಮಣ್ಣು ಹೊತ್ತವರಿಗೆ ಅದು ಸಮುದ್ರವೇ ಆಗಿತ್ತು. ಒಂದೊಂದು ಬುಟ್ಟಿಯೂ ತಲೆಯ ಮೇಲೆ ಬಂದದ್ದು.

ತೇರಿಗೆ ಮರಳಿ ಬರುತ್ತೇನೆ. ತೇರು ನಡೆಯುವಾಗ ಗಾಲಿಯ ಪಕ್ಕದಲ್ಲೇ ಬಗ್ಗಿಕೊಂಡು ಸಾಗುವ ಕೆಲವರಿರುತ್ತಾರೆ, ಸನ್ನೆ ಹಾಕುವವರು. ಕೈಯಲ್ಲಿ ಒಂದು ಮರದ ತುಂಡು. ತೇರು ಎಡಕ್ಕೆ ವಾಲಿದರೆ ಆ ಗಾಲಿಗೆ, ಬಲಕ್ಕೆ ಸರಿದರೆ ಈ ಗಾಲಿಗೆ ಅದನ್ನು ಕೊಟ್ಟು ತಿರುಗಿಸುತ್ತಾರೆ, ನಿಲ್ಲಿಸುತ್ತಾರೆ, ಮತ್ತೆ ಬಿಡುತ್ತಾರೆ. ಮೇಲಿನಿಂದ ಬಾಳೆಹಣ್ಣು, ಉತ್ತತ್ತಿ ಅವರ ಬೆನ್ನ ಮೇಲೆ ಬೀಳುತ್ತಿರುತ್ತವೆ. ಜನವೆಲ್ಲ ಕಳಸ ನೋಡಿ ಕೈ ಮುಗಿಯುತ್ತಿರುವಾಗ ಅವರ ಕಣ್ಣು ಗಾಲಿ ನೆಲ ಮುಟ್ಟುವ ಜಾಗದಲ್ಲೇ ಇರುತ್ತದೆ, ತೇರು ಪಾದಗಟ್ಟೆ ಮುಟ್ಟಿ ಮರಳಿ ನೆಲೆಗೆ ಬರುವವರೆಗೂ.